ಅತ್ತೆ, ಬೇಕರಿಯದು

ಪಕ್ಕದ ಮನೆಯ ರಾಧಮ್ಮನಿಗೆ ಗಂಡ ತೀರಿಕೊಂಡಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ತಮ್ಮ ವೆಂಕಟರಮಣ ಮುಳಬಾಗಿಲಿಗೆ ಕರೆತಂದ. ಅಕ್ಕನನ್ನು ಸಾಕುತ್ತಿದ್ದಾನೆ ಎಂದು ಬೀದಿಯೆಲ್ಲ ಅವನನ್ನು ಹೊಗಳಿತು. ಅವನ ಮನೆಯನ್ನು ಸಾಕಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅವನ ಹೆಂಡತಿ ಶ್ಯಾಮಲಾ ಬೆಳಿಗ್ಗೆ ಎದ್ದು ಕೋಲಾರದ ಆಫೀಸಿಗೆ ಹೋಗುತ್ತಿದ್ದಳು. ಮಗಳು ಚಿತ್ರಾಗೆ ಎಣ್ಣೆನೀರು ಹಾಕಿದ್ದು, ಜಡೆ ಹೆಣೆದಿದ್ದು, ಜ್ವರ ಬಂದಾಗ ತೊಡೆ ಮೇಲೆ ಮಲಗಿಸಿಕೊಂಡಿದ್ದು ಎಲ್ಲ ರಾಧಮ್ಮನೇ. ಆ ಮಗು ಅಮ್ಮಾ ಎನ್ನುವ ಮೊದಲು ಅತ್ತೆ ಎಂದಿತ್ತು.

ಈ ಬೇಸಿಗೆಯಲ್ಲಿ ಚಿತ್ರಾ ಬಸುರಿ. ಮಾಲೂರಿನ ಗಂಡನ ಮನೆಯಲ್ಲಿ ಕೂತು, ಫೋನಿನಲ್ಲಿ ಯಾವುದೋ ದೇಶದ ಟಾರ್ಟ್ ಎಂಬ ಸಿಹಿತಿಂಡಿ ನೋಡಿ ಬಯಕೆಪಟ್ಟಳು. ಬಾದಾಮಿ ಬೆರೆಸಿದ ಹಿಟ್ಟು, ನಡುವೆ ಜಾಮ್, ಮೇಲೆ ಹಿಟ್ಟಿನದೇ ಜಾಲರಿ.

"ಸೀಮಂತದ ತಟ್ಟೇಲಿ ಅದು ಇರ್ಲೇಬೇಕು ಕಣತ್ತೆ. ನೀನೇ ಮಾಡ್ಬೇಕು," ಎಂದಳು.

ರಾಧಮ್ಮ ಹಿಗ್ಗಿಹೋದಳು. ಅವಳು ಮಾಡಿದ ಹೋಳಿಗೆಯನ್ನು ನೂರು ಜನ ಚಪ್ಪರಿಸಿ ತಿನ್ನಬಹುದು, ಆದರೆ ಬಸುರಿಯ ಮುಂದೆ ಇಡುವ ತಟ್ಟೆಗೆ ಮುತ್ತೈದೆಯರ ಕೈಯದೇ ಆಗಬೇಕು. ಇದೆಂಥ ಶಾಸ್ತ್ರವೋ, ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ಸಲವಾದರೂ ತನ್ನದೂ ಒಂದು ಆ ತಟ್ಟೆಯಲ್ಲಿರುತ್ತದೆ, ಅದು ಅತ್ತೆ ಮಾಡಿದ್ದು ಎಂದು ಮಗು ಹೇಳುತ್ತದೆ ಎಂಬುದೊಂದೇ ಅವಳ ಆಸೆ.

ಬಾದಾಮಿ ಎಂದದ್ದೇ ತಡ, ಶ್ರೀನಿವಾಸಪುರದಿಂದ ಒಂದು ಬುಟ್ಟಿ ಬಾದಾಮಿ ಮಾವಿನಹಣ್ಣು ತರಿಸಿಬಿಟ್ಟಳು. ನಮ್ಮ ಕಡೆ ಬಾದಾಮಿ ಎಂದರೆ ಇನ್ನೇನು?

"ಅಯ್ಯೋ ಅತ್ತೆ, ನಾನಂದಿದ್ದು ಬೀಜ ಕಣೇ!" ಎಂದು ಚಿತ್ರಾ ಫೋನಿನಲ್ಲೇ ನಕ್ಕಳು.

"ಇರ್ಲಿ ಬಿಡೇ, ಹಣ್ಣು ಜಾಮಿಗಾಯ್ತು. ಬೀಜಕ್ಕೆ ಕಡ್ಲೆಕಾಯಿ ಇದ್ಯಲ್ಲ."

ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಊದಿ, ಮಿಕ್ಸಿಗೆ ಹಾಕಿದಳು. ಜಾಸ್ತಿ ತಿರುಗಿಸಿ ಎಣ್ಣೆ ಬಿಟ್ಟು ಮುದ್ದೆಯಾಯಿತು. ಮತ್ತೆ ಬೇರೆ ಬೀಜ ಹುರಿದಳು. ಮೈದಾ, ಬೆಣ್ಣೆ, ಸಕ್ಕರೆ ಸೇರಿಸಿ ಕಲಸಿದಳು. ಹಳೆಯ ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ವಿಷಲ್ ತೆಗೆದು ಬೇಯಿಸಿದರೆ ಅಡಿ ಹೊತ್ತಿತು. ಹೊತ್ತಿದ್ದೆಲ್ಲ ನನ್ನ ಪಾಲಿಗೆ ಬಂತು, ಸೀದ ವಾಸನೆಯಲ್ಲೂ ರುಚಿಯಾಗಿತ್ತು. ಕೊನೆಗೆ ಉರಿ ಹದ ಸಿಕ್ಕಿ, ಜಾಲರಿಯ ಸಂದಿಯಲ್ಲಿ ಜಾಮ್ ಹೊಳೆಯುವ ಟಾರ್ಟ್ ಬಂದಾಗ ಚಿಕ್ಕ ಹುಡುಗಿಯಂತೆ ಓಡಿ ಬಂದು ನನ್ನನ್ನು ಕರೆದಳು.

ಸೀಮಂತದ ದಿನ ಬೀಗರು ಚಿತ್ರಾಳನ್ನು ಕರೆದುಕೊಂಡು ಮಾಲೂರಿನಿಂದ ಬಂದರು. ಟಾರ್ಟನ್ನು ಶ್ಯಾಮಲಾ ತಾನೇ ಒಯ್ದು ತಟ್ಟೆಯಲ್ಲಿಟ್ಟಳು. ರಾಧಮ್ಮ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಳು. ಆರತಿ ಮುಗಿದ ಮೇಲೆ ಚಿತ್ರಾಳ ಗಂಡನ ತಾಯಿ ಒಂದು ತುಂಡು ಬಾಯಿಗಿಟ್ಟು, "ಎಷ್ಟು ಚೆನ್ನಾಗಿದೆ! ಯಾರಮ್ಮ ಮಾಡಿದ್ದು?" ಎಂದರು.

ಶ್ಯಾಮಲಾ ಮಗಳ ಕಡೆ ಕಣ್ಣು ಬಿಟ್ಟಳು.

"ಅತ್ತೆ..." ಎಂದಳು ಚಿತ್ರಾ.

ರಾಧಮ್ಮ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. ಮುಖದ ತುಂಬ ನಗು.

"ಅತ್ತೆ, ಬೇಕರಿಯದು," ಎಂದು ಚಿತ್ರಾ ಗಂಡನ ತಾಯಿಗೆ ಹೇಳಿ ಮುಗಿಸಿದಳು.

ಒಂದೇ ಮಾತು, ಇಬ್ಬರು ಅತ್ತೆಯರು. ಬೇಕರಿಯಲ್ಲಿ ಯಾರ ಕೈ ಹಿಟ್ಟು ಕಲಸಿತೆಂದು ಯಾವ ಶಾಸ್ತ್ರವೂ ಕೇಳುವುದಿಲ್ಲ ನೋಡಿ. ನನಗೆ ಆ ಹುಡುಗಿಯ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

"ಹಾಗಾದ್ರೆ ನಾಮಕರಣಕ್ಕೂ ಅಲ್ಲೇ ಹೇಳೋಣ. ಯಾವ ಬೇಕರಿ?" ಎಂದರು ಬೀಗಿತ್ತಿ.

ಚಿತ್ರಾ ಬಳೆ ತಿರುಗಿಸುತ್ತ ಕೂತಳು. ಉತ್ತರ ಕೊಟ್ಟವಳು ರಾಧಮ್ಮ.

"ಆ ಬೇಕರಿ ಇವತ್ತಿಗೆ ಮುಚ್ಚೋಯ್ತಮ್ಮ."

"ಅಯ್ಯೋ ಪಾಪ," ಎಂದು ಬೀಗಿತ್ತಿ ಇನ್ನೊಂದು ತುಂಡು ತೆಗೆದುಕೊಂಡರು. "ಇಂಥ ಕೈಗುಣ ಇರೋರು ಯಾಕೆ ಮುಚ್ಚಿದ್ರೋ!"