ಊಟ ತಗ್ಗಿದ ಊರು

ಊಟ ಅಂದರೆ ಏನು? ನಗಬೇಡಿ. ಈ ಒಂದು ಪದ ಗೊತ್ತಿಲ್ಲದೆಯೇ ನಮ್ಮವರೊಬ್ಬರು ದೊಡ್ಡ ಸಂಶೋಧಕರಾಗಿದ್ದಾರೆ.

ಹೋದ ವರ್ಷ ಬ್ಯಾಂಕಿನ ಕೆಲಸಕ್ಕೆಂದು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗಿದ್ದೆ. ದ್ವಾರಕಾ ನಗರದ ಹೋಟೆಲೊಂದರಲ್ಲಿ ಹಳ್ಳಿಯ ನೀರು, ಹವಾಮಾನ ಬದಲಾವಣೆ ಅಂತ ಸೆಮಿನಾರ್. ನನ್ನ ನಾದಿನಿ ಸುಜಾತ ಅದನ್ನು ನಡೆಸುವ ಸಂಸ್ಥೆಯಲ್ಲಿ ಜೂನಿಯರ್ ಸಂಶೋಧಕಿ. "ಬನ್ನಿ ಭಾವ, ನಮ್ಮ ಕೆಲಸ ನೋಡಿ" ಅಂದಳು. ಹೋದೆ. (ಎಸಿ ಹೇಗಿತ್ತೆಂದರೆ, ಹವಾಮಾನ ಬದಲಾದದ್ದು ನನಗೂ ಗೊತ್ತಾಯಿತು.)

ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ ಎರಡು ವರ್ಷ ಹಗ್ಗ ಇಳಿಬಿಟ್ಟು ಬಾವಿಗಳ ನೀರು ಅಳೆದವಳು ಈ ಹುಡುಗಿ. ಅಲ್ಲಿಯವರು ಕೇಳಿದ್ದು ಒಂದೇ: ಕುಡಿಯುವ ನೀರಿನ ಬಾವಿಯ ಹೂಳು ತೆಗೆಸಿ, ಬೇಸಿಗೆಯೊಳಗೆ ಇನ್ನಷ್ಟು ತೋಡಿಸಿಕೊಡಿ. ಪ್ರಾಜೆಕ್ಟ್ ಇರುವುದೂ ಅದಕ್ಕೇ. ಡಾಕ್ಟರ್ ಸಾಹೇಬರು ವರದಿಯಲ್ಲಿ ಬರೆದರೆ ಸಾಕು.

ಡಾಕ್ಟರ್ ಸಾಹೇಬರು (ಪಿಎಚ್‌ಡಿಯವರು, ಸೂಜಿ ಚುಚ್ಚುವವರಲ್ಲ) ಸುಜಾತಳ ಬಾಸ್. ಕರ್ನಾಟಕದವರೇ. "ಕನ್ನಡ ಬಂದ್ರೆ ತೆಲುಗು ಬಂದ ಹಾಗೇ ಕಣ್ರೀ" ಎನ್ನುವ ಪೈಕಿ. ಹಳ್ಳಿಗೆ ಹೋದದ್ದು ಒಂದೇ ಸಲ. ಅವತ್ತು ಸುಜಾತ ಜ್ವರ ಬಂದು ಮಲಗಿದ್ದಳು.

ಸೆಮಿನಾರಿನಲ್ಲಿ ಸಾಹೇಬರ ಸ್ಲೈಡ್ ಬಂತು. ಅವತ್ತು ಹಳ್ಳಿಯ ಲಕ್ಷ್ಮಮ್ಮ ಸಾಹೇಬರಿಗೆ ಹೇಳಿದ ಮಾತು ದೊಡ್ಡಕ್ಷರದಲ್ಲಿ: "ಊಟ ತಗ್ಗಿಪೋಯಿಂದಿ ಬಾಬೂ." ಹವಾಮಾನ ಕೆಟ್ಟು ಜನ ಉಣ್ಣುವುದೇ ಕಡಿಮೆಯಾಗಿದೆ, ಈ ಊರಿಗೆ ಬೇಕಾದದ್ದು ಪೌಷ್ಟಿಕ ಆಹಾರ ಎಂದು ಸಾಹೇಬರು ವಿವರಿಸಿದರು. ಹಾಲ್ ತುಂಬ ಚಪ್ಪಾಳೆ.

ಸುಜಾತ ಎದ್ದು ನಿಂತಳು. "ಸರ್, ತೆಲುಗಲ್ಲಿ ಊಟ ಅಂದ್ರೆ ನೀರಿನ ಒರತೆ. ಆಕೆ ಹೇಳಿದ್ದು ಬಾವಿ ಒರತೆ ಕಮ್ಮಿ ಆಗಿದೆ ಅಂತ."

"ಲಾಂಗ್ವೇಜ್ ಇಶ್ಯೂ ಆಮೇಲೆ ನೋಡೋಣಮ್ಮಾ. ಈಗ ಲಂಚ್."

ಆ ಊಟ ಮಾತ್ರ ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಎರಡು ಸಲ ಬಡಿಸಿಕೊಂಡರು.

ವರದಿ ತಿದ್ದಿದರೇ? ಎಲ್ಲಿಯ ಮಾತು. ಪ್ರಿಂಟ್ ಆಗಿಬಿಟ್ಟಿದೆಯಂತೆ. ಸುಜಾತಳ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಸಾಹೇಬರು ಈಗ ಡೈರೆಕ್ಟರ್. ಬದಲಾದ ಹವಾಮಾನಕ್ಕೆ ಹಳ್ಳಿಗಳು ಹೊಂದಿಕೊಳ್ಳುವುದು ಹೇಗೆಂದು ವಿದೇಶದಲ್ಲಿ ಪಾಠ ಹೇಳುತ್ತಾರೆ. ಹೊಂದಿಕೊಳ್ಳುವ ಕಲೆ ಅವರಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು?

ಮೊನ್ನೆ ಸುಜಾತ ಆ ಹಳ್ಳಿಯವರಿಗೆ ಹೋಗಿಬರುತ್ತೇನೆಂದು ಹೇಳಿ ವಿಜಯವಾಡದ ನಮ್ಮ ಮನೆಗೆ ಬಂದಳು. ಬಾವಿಯ ಹೂಳು ಹಾಗೇ ಇದೆಯಂತೆ. ಮನೆಮನೆಗೆ ಪೌಷ್ಟಿಕ ಪುಡಿ ಮಾತ್ರ ತಲುಪಿದೆ. ಲಕ್ಷ್ಮಮ್ಮ ತನ್ನ ಪಾಲಿನ ಪ್ಯಾಕೆಟ್ಟನ್ನು ಇವಳ ಕೈಗೇ ಕೊಟ್ಟಳಂತೆ. ತಿರುಗಿಸಿ, ಬಳಸುವ ವಿಧಾನ ಓದಿದೆ.

"ಒಂದು ಲೋಟ ಶುದ್ಧ ನೀರಿಗೆ ಎರಡು ಚಮಚ."