ನಾಲ್ಕನೆಯ ಬೋಲ್ಟು

ಅವತ್ತು ಬೆಳಿಗ್ಗೆ ನಮ್ಮವರು ನನ್ನ ಉಗುರುಬಣ್ಣದ ಸೀಸೆ ಕೇಳಿದರು. ಹೋದ ವರ್ಷ ಅವರೇ ತಂದುಕೊಟ್ಟದ್ದು. ನಾನು ಹಚ್ಚಿಕೊಂಡದ್ದು ಎರಡೇ ಸಲ.

“ಈ ವಯಸ್ಸಲ್ಲಿ ಶೋಕಿ ಬಂತಾ?” ಅಂದೆ.

“ಎಂಜಿನ್‌ಗೆ ಕಣೆ. ಅದಕ್ಕೂ ಚೆಂದ ಕಾಣ್ಬೇಕು ಅನ್ಸಲ್ವಾ?”

ರಿಪೇರಿಗೆ ಬಂದಿದ್ದ ನಮ್ಮ ಬೀದಿ ದರ್ಜಿಯ ಸ್ಕೂಟರಿನ ಎಂಜಿನ್ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಕೂತಿತ್ತು. ನಾಲ್ಕು ಬೋಲ್ಟಿನಲ್ಲಿ ಮೂರು ಬಂದಿದ್ದವು. ನಾಲ್ಕನೆಯದು ತುಕ್ಕು ಹಿಡಿದು, ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ನಮ್ಮವರು ಬೋಲ್ಟಿನ ತಲೆಯಿಂದ ಎಂಜಿನ್ನಿನ ಮೈಗೆ ಒಂದೇ ನೇರಕ್ಕೆ ಕೆಂಪು ಗೆರೆ ಎಳೆದರು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

ಬೀದಿಯಲ್ಲಿ ಅವರಿಗೆ ನಿಧಾನಪ್ಪ ಅಂತ ಹೆಸರು. ಹೊಡೆದು ಬಡಿದು ಬಿಚ್ಚುವವರಲ್ಲ. ಎರಡು ಹನಿ ಎಣ್ಣೆ ಬಿಡುವುದು, ಮೆಲ್ಲಗೆ ತಟ್ಟುವುದು, ಕಾಯುವುದು. ಬಿಚ್ಚುವ ಮೊದಲು ಇನ್ನೊಂದು ಚೂರು ಬಿಗಿ ಮಾಡುವುದು. ಆಗ ತುಕ್ಕು ಬಿರುಕು ಬಿಡುತ್ತದೆ ಅನ್ನುತ್ತಿದ್ದರು. ಉಪ್ಪಿನ ಡಬ್ಬಿಯ ಮುಚ್ಚಳವನ್ನೂ ಹಾಗೇ ತೆಗೆಯುತ್ತಿದ್ದರು. ಬೇರೆ ಯಾರೂ ಹಾಗೆ ಮಾಡಿದ್ದನ್ನು ನಾನು ನೋಡಿಲ್ಲ.

“ಇವತ್ತು ಬರಲ್ಲ. ನಾಳೆ ನೋಡ್ತೀನಿ,” ಅಂದರು. ಸ್ಪ್ಯಾನರ್ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟರು. ಊಟ ಮಾಡಿ ಮಲಗಿದರು. ಸಂಜೆ ಚಹಾಕ್ಕೆ ಎಬ್ಬಿಸಲು ಹೋದೆ. ಏಳಲಿಲ್ಲ.

ತಿಂಗಳು ಕಳೆದ ಮೇಲೆ ದರ್ಜಿ ಬಂದ. ಮೈದುನನೂ ಬಂದಿದ್ದ. ಅವನು ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ತೋಳು ಕಂಬದ ಹಾಗೆ.

“ಒಂದು ಬೋಲ್ಟಿಗೆ ಎಷ್ಟು ದಿನ? ಅಣ್ಣ ಇದಕ್ಕೂ ಕಥೆ ಹೇಳ್ತಾ ಕೂತಿದ್ದ ಅನ್ಸುತ್ತೆ,” ಅಂದ. ಸ್ಪ್ಯಾನರಿಗೆ ಉದ್ದ ಕೊಳವೆ ಸಿಕ್ಕಿಸಿ ನೇತಾಡಿದ. ಎಂಜಿನ್ನೇ ಹಲಗೆಯಿಂದ ಎದ್ದು ಬಂತು. ಕೆಂಪು ಗೆರೆ ನೇರವಾಗೇ ಇತ್ತು.

“ಅತ್ತಿಗೆ, ಇದು ಗುಜರಿಗೇ ಸರಿ,” ಅಂತ ಸ್ಪ್ಯಾನರ್ ನೆಲಕ್ಕೆ ಎಸೆದ.

“ನಾಳೆ ನೋಡ್ತೀನಿ ಅಂದಿದ್ರು,” ಅಂದೆ.

ಇಬ್ಬರೂ ನನ್ನ ಮುಖ ನೋಡಿದರು. ದರ್ಜಿಯೇ ಕೆಮ್ಮಿ ಮಾತು ತೆಗೆದ. “ಇರ್ಲಿ ಅಕ್ಕಾ. ನಡೆದೂ ನಡೆದೂ ನಂಗೆ ಅಭ್ಯಾಸ ಆಗಿದೆ. ಬಿಚ್ಚಿದ ದಿನ ಹೇಳಿ, ಅವತ್ತೇ ಎತ್ಕೊಂಡು ಹೋಗಿ ಬೇರೆ ಕಡೆ ಮಾಡಿಸ್ಕೊಳ್ತೀನಿ.”

ಮರುದಿನ ಬೆಳಿಗ್ಗೆ ಗುಡಿಸಲು ಆ ಕೋಣೆಗೆ ಹೋದೆ. ನೆಲದ ಮೇಲಿದ್ದ ಸ್ಪ್ಯಾನರ್ ಹಲಗೆಯ ಮೇಲಿತ್ತು, ಬಟ್ಟೆಯಲ್ಲಿ ಸುತ್ತಿಕೊಂಡು. ಕೆಂಪು ಗೆರೆ ಎಳ್ಳುಕಾಳಿನಷ್ಟು ಮುರಿದಿತ್ತು. ಬಲಕ್ಕೆ. ಬಿಗಿಯ ಕಡೆಗೆ.

ಮನೆಯಲ್ಲಿದ್ದವಳು ನಾನೊಬ್ಬಳೇ. ಚಿಲಕ ಒಳಗಿನಿಂದ ಹಾಕಿತ್ತು. ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ಕೂತೆ. ಬಿಸಿಲು ಒಳಗೆ ಬಂದ ಮೇಲೆ ಎದ್ದು ಗುಡಿಸಿದೆ.

ಅದರ ಮರುದಿನ ಗೆರೆ ಎಡಕ್ಕೆ ಬಂದಿತ್ತು, ಬಿಚ್ಚುವ ಕಡೆಗೆ. ಆಮೇಲೆ ದಿನಾ ಒಂದೊಂದು ಚೂರು. ಬೋಲ್ಟಿನ ಬುಡದಲ್ಲಿ ಹಸಿ ಎಣ್ಣೆ. ನಾನು ಹಾಕಿದ್ದಲ್ಲ. ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಬೆಳಗಾಗುವುದನ್ನು ಕಾಯುತ್ತಿದ್ದೆ.

ಐದನೆಯ ದಿನ ಬೆರಳಿಟ್ಟರೆ ಬೋಲ್ಟು ಅಲುಗಾಡಿತು. ಇನ್ನೊಂದು ದಿನ ಬಿಟ್ಟರೆ ಕೈಗೇ ಬರುತ್ತದೆ. ದರ್ಜಿ ಎಂಜಿನ್ ಎತ್ತಿಕೊಂಡು ಹೋಗುತ್ತಾನೆ. ಕೆಲಸ ಮುಗಿದ ಮೇಲೆ ಅವರಿಗೆ ಈ ಕೋಣೆಯಲ್ಲಿ ಏನಿದೆ? ನಾನಿದ್ದೇನೆ, ನಿಜ. ಆದರೆ ಅವರು ಎದ್ದು ಬಂದದ್ದು ನನ್ನ ಹತ್ತಿರಕ್ಕಲ್ಲ, ಬೋಲ್ಟಿನ ಹತ್ತಿರಕ್ಕೆ.

ಮೊನ್ನೆ ದರ್ಜಿ ಬೀದಿಯಲ್ಲಿ ಸಿಕ್ಕಿದ. “ಬಿಚ್ತಾ ಅಕ್ಕಾ?”

“ಎಲ್ಲಿ ಬಿಚ್ಚುತ್ತಪ್ಪಾ. ಕಲ್ಲಾಗಿ ಕೂತಿದೆ.”

ಈಗ ದಿನಾ ಬೆಳಿಗ್ಗೆ ಎದ್ದವಳು ಒಲೆ ಹಚ್ಚುವ ಮೊದಲು ಆ ಕೋಣೆಗೆ ಹೋಗುತ್ತೇನೆ. ಸುತ್ತಿದ ಬಟ್ಟೆಯಿಂದ ಸ್ಪ್ಯಾನರ್ ತೆಗೆದು, ಕೆಂಪು ಗೆರೆ ನೇರವಾಗುವ ತನಕ ಬೋಲ್ಟನ್ನು ಬಲಕ್ಕೆ ತಿರುಗಿಸುತ್ತೇನೆ. ಕೈ ನೋಯುವಷ್ಟು ಬಿಗಿ ಮಾಡುತ್ತೇನೆ. ಆಮೇಲೆ ಸ್ಪ್ಯಾನರನ್ನು ಒರೆಸದೆ ನೆಲದ ಮೇಲೆ ಬಿಟ್ಟು ಬರುತ್ತೇನೆ.