ಎರಡನೆಯ ಉಜ್ಜಿನಪ್ಪ

ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ, ಅದಿರು ಲಾರಿಗಳು ಗುಡ್ಡ ಇಳಿದು ಡಾಂಬರು ರಸ್ತೆಗೆ ಸೇರುವ ತಿರುವಿನಲ್ಲಿ ಒಂದು ಸಣ್ಣ ಊರಿದೆ. ಉಜ್ಜಿನಪ್ಪ ಆ ಊರಿನವನು, ನೀರಿನ ಟ್ಯಾಂಕರಿನ ಡ್ರೈವರು. ಲಾರಿಗಳು ಎಬ್ಬಿಸುವ ಕೆಂಧೂಳು ಅಡಗಲೆಂದು ಗಣಿಯ ರಸ್ತೆಗೆ ಬೆಳಗಿನಿಂದ ಸಂಜೆಯವರೆಗೆ ನೀರು ಹೊಡೆಯುವುದು ಅವನ ಕೆಲಸ. ಕೊನೆಯ ಸುತ್ತಿನಲ್ಲಿ ಟ್ಯಾಂಕರನ್ನು ಊರ ಮುಂದೆ ನಿಲ್ಲಿಸಿ, ತಳದಲ್ಲಿ ಉಳಿದ ನೀರನ್ನು ಹೆಂಗಸರ ಕೊಡಗಳಿಗೆ ಬಿಡುತ್ತಿದ್ದ. ಪಾತ್ರೆ ತೊಳೆಯುವುದಕ್ಕೆ, ಎಮ್ಮೆಗಳಿಗೆ ಕುಡಿಸುವುದಕ್ಕೆ ಅದೇ ನೀರು. ಟ್ಯಾಂಕರಿನ ಮಾಲೀಕನಿಗೆ ಇದು ಗೊತ್ತಿತ್ತು. ಕಂಡೂ ಕಾಣದಂತೆ ಇದ್ದುಬಿಟ್ಟಿದ್ದ.

ಉಜ್ಜಿನಪ್ಪನ ಬಾಯಿಂದ ಮಾತು ಹೊರಡುವುದೇ ಅಪರೂಪ. ಹೆಂಡತಿ ತಾಯಕ್ಕ ಇದಕ್ಕೆ ತದ್ವಿರುದ್ಧ. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುತ್ತಾ ಬೆಳೆದವಳು. "ನಮ್ಮ ಮನ್ಯಾಗ ಇಬ್ಬರ ಮಾತೂ ನಾನ ಆಡಬೇಕು ನೋಡ್ರಿ" ಎಂದು ಕಂಡವರೆದುರು ನಗುತ್ತಿದ್ದಳು. ಅವರಿಗೆ ಮಕ್ಕಳಾಗಲಿಲ್ಲ. ಅದನ್ನು ಎತ್ತಿ ಆಡುವುದನ್ನು ಇಬ್ಬರೂ ಬಿಟ್ಟು ವರ್ಷಗಳಾಗಿದ್ದವು. ಸಂಜೆ ಅವನು ಮನೆಗೆ ಬಂದರೆ ಅವಳು ಹಂಡೆಯ ಬಿಸಿನೀರು ತೋಡಿಕೊಟ್ಟು, ಅವನ ಕತ್ತಿನ ಹಿಂದೆ ಮೆತ್ತಿದ ಕೆಂಪನ್ನು ತಾನೇ ತಿಕ್ಕಿ ತೊಳೆಯುತ್ತಿದ್ದಳು. ಆಮೇಲೆಯೇ ಊಟ.

ಆ ವರ್ಷ ಇದ್ದ ಶಾಸಕರು ರಾಜೀನಾಮೆ ಕೊಟ್ಟು ಹೋದದ್ದರಿಂದ ಕುರ್ಚಿ ಖಾಲಿಯಾಗಿ ಉಪಚುನಾವಣೆ ಬಂತು. ಗೆಲ್ಲುವ ಕುದುರೆ ಎಂದು ಎಲ್ಲರೂ ಹೇಳುತ್ತಿದ್ದ ಅಭ್ಯರ್ಥಿಯ ಹೆಸರೂ ಉಜ್ಜಿನಪ್ಪ. ಎತ್ತರದ ಆಳು, ಬಿಳಿ ಕಾರು, ದೊಡ್ಡ ಮೀಸೆ. ಗೋಡೆಗಳ ಮೇಲೆಲ್ಲ ತನ್ನ ಹೆಸರೇ ಕಾಣುತ್ತಿದ್ದಾಗ ನಮ್ಮ ಉಜ್ಜಿನಪ್ಪನಿಗೆ ಒಳಗೊಳಗೇ ತಮಾಷೆ ಎನಿಸುತ್ತಿತ್ತು.

ತಾಯಕ್ಕ ತಾಯಿಗೆ ಹುಷಾರಿಲ್ಲವೆಂದು ಕಂಪ್ಲಿಗೆ ಹೋಗಿದ್ದ ಹೊತ್ತು. ಅವಳ ತಮ್ಮ ಹುಲಿಗೇಶ್ ಹೊಸಪೇಟೆಯಿಂದ ಇಬ್ಬರನ್ನು ಜೀಪಿನಲ್ಲಿ ಕೂಡಿಸಿಕೊಂಡು ಬಂದ. ಹುಲಿಗೇಶ್ ಹೊಸಪೇಟೆಯಲ್ಲಿ ಸೈಟು ತೋರಿಸುವ ಬ್ರೋಕರು. ಯಾವ ಪಕ್ಷದವರು ಕರೆದರೂ ಓಡುವವನು.

"ಮಾವ, ನೀನು ಎಲೆಕ್ಷನ್ನಿಗೆ ನಿಲ್ಲಬೇಕು" ಅಂದ.

ಉಜ್ಜಿನಪ್ಪ ನಕ್ಕುಬಿಟ್ಟ.

"ನಗಬ್ಯಾಡ. ಪಕ್ಷೇತರ. ಎಲ್ಲ ನಾವು ಮಾಡ್ತೀವಿ, ನೀ ಸಹಿ ಹಾಕಿದ್ರ ಸಾಕು. ನಿಮ್ಮೂರಿಗೆ ಪೈಪಿನ ನೀರು ಬೇಕೋ ಬ್ಯಾಡೋ? ಕ್ಯಾಂಡಿಡೇಟು ಕೇಳಿದ್ರ ಆಫೀಸರು ಎದ್ದು ನಿಂತು ಉತ್ತರ ಕೊಡಬೇಕಾಗ್ತೈತಿ."

ಪೈಪಿನ ಮಾತು ಅವನನ್ನು ಹಿಡಿದು ನಿಲ್ಲಿಸಿತು. ಟ್ಯಾಂಕರಿನ ಹಿಂದೆ ಕೊಡ ಹಿಡಿದು ತಳ್ಳಾಡುವ ಹೆಂಗಸರು ಕಣ್ಣ ಮುಂದೆ ಬಂದರು. ಹೆಂಡತಿಯ ತಮ್ಮ ಮೋಸ ಮಾಡಿಯಾನು ಎಂಬುದು ಅವನ ಯೋಚನೆಗೇ ಬರಲಿಲ್ಲ. ಮದುವೆ ಮುಂಜಿಗೆಂದು ಎತ್ತಿಟ್ಟಿದ್ದ ಬಿಳಿ ಅಂಗಿ ತೊಟ್ಟು ಜೀಪು ಹತ್ತಿದ. ಸಂಡೂರಿನ ಕಚೇರಿಯಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಮಾಡಿದ. ಚಿಹ್ನೆ ಯಾವುದು ಬೇಕು ಎಂದು ಕೇಳಿದಾಗ ಮಾತ್ರ ತಾನಾಗಿ ಬಾಯಿಬಿಟ್ಟು "ಬಕೆಟ್" ಎಂದು ಬರೆಸಿದ.

ತಾಯಕ್ಕನಿಗೆ ಇದು ಗೊತ್ತಾದದ್ದು ಕಂಪ್ಲಿಯಿಂದ ಮರಳುವಾಗ, ಬಸ್ಸಿನಲ್ಲಿ. ಮುಂದಿನ ಸೀಟಿನಲ್ಲಿ ಇಬ್ಬರು ಚುನಾವಣೆಯ ಮಾತಾಡುತ್ತಿದ್ದರು. "ಅದೇ ಹೆಸರಿನ ಒಬ್ಬ ಟ್ಯಾಂಕರ್ ಡ್ರೈವರನ್ನ ಎದುರು ಪಾರ್ಟಿಯವರು ಹಿಡಕೊಂಡು ಬಂದು ನಿಲ್ಲಿಸ್ಯಾರ. ಹೆಸರು ನೋಡಿ ಮುದುಕರು ತಪ್ಪಿ ಅವನಿಗೆ ಒತ್ತಲಿ, ದೊಡ್ಡ ಉಜ್ಜಿನಪ್ಪನ ವೋಟು ಒಡೀಲಿ ಅಂತ. ಪಾಪ, ಅವನಿಗೆ ಗೊತ್ತೈತೋ ಇಲ್ಲೋ!" ಅಂದು ನಕ್ಕರು. ಇಡೀ ಬಸ್ಸಿಗೆ ಕೇಳುವಂತೆ ಮಾತಾಡುವ ತಾಯಕ್ಕ ಅವತ್ತು ಊರು ಬರುವ ತನಕ ತುಟಿ ಬಿಚ್ಚಲಿಲ್ಲ.

ಮನೆಗೆ ಬಂದು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು. ಉಜ್ಜಿನಪ್ಪ ಗೋಡೆಗೆ ಆತು ಕೂತ. ಕಿವಿಯವರೆಗೂ ಕೆಂಪಾದ. ಮರುದಿನವೇ ಕೆಲಸ ಬಿಟ್ಟು ಹೆಸರು ವಾಪಸು ತೆಗೆದುಕೊಳ್ಳಲು ಸಂಡೂರಿಗೆ ಓಡಿದ. ಅವನು ಮುಟ್ಟುವ ಹೊತ್ತಿಗೆ ಅದರ ಗಡುವು ಮುಗಿದುಹೋಗಿತ್ತು. "ಇನ್ನು ಆಗೋದಿಲ್ರಿ. ಹೆಸರು ಮಷೀನಿನಾಗ ಬರ್ತೈತಿ" ಎಂದು ಅಲ್ಲಿದ್ದ ಅಧಿಕಾರಿ ಮೆತ್ತಗೇ ಹೇಳಿದರು. ಕುಡಿಯಲು ನೀರೂ ಕೊಡಿಸಿದರು.

ಅವತ್ತು ಅವನು ಊಟ ಮಾಡಲಿಲ್ಲ. "ಊರಾಗ ಹೆಂಗ ತಲಿ ಎತ್ತಲಿ? ಆ ಮನಷ್ಯಾ ನನಗೇನು ಮಾಡಿದ್ದ? ಅವನ ಬೆನ್ನಿಗೆ ಚೂರಿ ಹಾಕೋ ಕೆಲಸಕ್ಕ ನಾ ಕೈ ಕೊಟ್ಟೆ" ಅಂದ. ಅಷ್ಟು ಉದ್ದದ ಮಾತನ್ನು ತಾಯಕ್ಕ ಅವನ ಬಾಯಲ್ಲಿ ಕೇಳಿ ಬಹಳ ಕಾಲವಾಗಿತ್ತು. ಬಯ್ಯಬೇಕೆಂದುಕೊಂಡಿದ್ದವಳು ತಟ್ಟೆಯನ್ನು ಅವನ ಹತ್ತಿರ ಸರಿಸಿ, "ಉಣ್ಣು ಮೊದಲು. ನಾಳೆಯಿಂದ ತಿರುಗೋಣು" ಅಂದಳು.

"ಎಲ್ಲಿಗೆ?"

"ಊರೂರಿಗೆ. ಕ್ಯಾಂಡಿಡೇಟು ಅಲ್ಲೇನು ನೀನು?"

"ನನಗ ಹಾಕಬ್ಯಾಡ್ರಿ ಅಂತ ಹೇಳಾಕ?"

"ಹಂಗ್ಯಾಕ ಹೇಳ್ತಿ? ನಾನು ಇಂಥಾವ, ಇಂಥಾ ಊರಾವ, ನನ್ನ ಗುರುತು ಇದು ಅಂತ ಹೇಳು. ನೋಡಿ ಹಾಕೋರು ಹಾಕಲಿ, ಬಿಡೋರು ಬಿಡಲಿ. ತಪ್ಪಿ ಮಾತ್ರ ಯಾರೂ ಒತ್ತಬಾರದು, ಅಷ್ಟ."

ಹಾಗೆ ಶುರುವಾಯಿತು. ಟ್ಯಾಂಕರನ್ನು ಶೆಡ್ಡಿಗೆ ಬಿಟ್ಟು ಬಂದವನು ಮೈ ತೊಳೆದುಕೊಂಡು ಹಳೆಯ ಮೊಪೆಡ್ ಹತ್ತುವನು. ಹಿಂದೆ ತಾಯಕ್ಕ, ತೊಡೆಯ ಮೇಲೆ ಮನೆಯದೇ ಪ್ಲಾಸ್ಟಿಕ್ ಬಕೆಟ್. ಬೆಳಕಿರುವವರೆಗೆ ಹೋದಷ್ಟು ಊರು. ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿದರೆ ಮಾತೆಲ್ಲ ಅವಳದು. "ನೋಡ್ರಿ ಯಕ್ಕಾ, ಮಷೀನಿನಾಗ ಇಬ್ಬರು ಉಜ್ಜಿನಪ್ಪ ಅದಾರ. ಮ್ಯಾಲಿನಾತ ಮೀಸಿಯಾತ, ದೊಡ್ಡ ಮನಷ್ಯಾ. ಕೆಳಗ ಇರಾವ ನನ್ನ ಗಂಡ, ಬಕೆಟ್ಟಿನಾವ. ಫೋಟೋ ನೋಡಿ ಒತ್ರಿ." ಅವನು ಪಕ್ಕದಲ್ಲಿ ಬಕೆಟ್ ಹಿಡಿದು, ಕಳವು ಮಾಡಿ ಸಿಕ್ಕಿಬಿದ್ದವನ ಹಾಗೆ ನಿಲ್ಲುತ್ತಿದ್ದ. ಮೊದಲ ದಿನ ಜನ ನಕ್ಕರು. ಆಮೇಲೆ ಚಹಾ ಕೊಡತೊಡಗಿದರು. ಒಂದು ಊರಲ್ಲಿ ಒಬ್ಬಾಕೆ ಬಕೆಟ್ಟಿನ ತುಂಬ ಸೀತಾಫಲ ಹಾಕಿ ಕಳಿಸಿದಳು.

ತಿರುಗುತ್ತಾ ತಿರುಗುತ್ತಾ ಅವನಿಗೂ ನಾಲಿಗೆ ಬಂತು. ಒಂದು ಸಂಜೆ ತಾಯಕ್ಕನ ಗಂಟಲು ಕಟ್ಟಿತ್ತು. ಅವನೇ ಮುಂದೆ ಬಂದು, "ನಾನು ನೀರು ಬಿಡಾವ್ರಿ. ನಮ್ಮೂರಾಗ ಪೈಪಿಲ್ಲ. ಯಾರು ಗೆದ್ರೂ ಅದೊಂದು ಕೇಳ್ರಿ ಸಾಕು" ಅಂದ. ಅವಳು ಹಿಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು.

ಸುದ್ದಿ ಹೊಸಪೇಟೆಗೆ ಮುಟ್ಟಿ ಹುಲಿಗೇಶ್ ಕೆಂಡವಾಗಿ ಬಂದ. "ಮಾವ, ಏನು ಮಾಡಾಕ ಹತ್ತೀ? ಸುಮ್ನ ಮನ್ಯಾಗ ಕುಂತಿದ್ರ ಆಗಿತ್ತು. ನನ್ನ ಮರ್ಯಾದಿ ತೆಗೀತಿ."

ಉಜ್ಜಿನಪ್ಪ ತಲೆ ತಗ್ಗಿಸಿದ. ತಾಯಕ್ಕ ಒಳಗಿನಿಂದ ಬಂದು ತಮ್ಮನ ಎದುರು ನಿಂತಳು.

"ಲೇ ಹುಲಿಗೇಶ, ಇವನು ಯಾರಿಗೂ ಇಲ್ಲ ಅನ್ನಲಾರದ ಮನಷ್ಯಾ. ಅದು ಗೊತ್ತಿದ್ದ ನೀ ಬಂದಿ. ಬ್ಯಾರೆ ಯಾರರ ಮಾಡಿದ್ರ ನಾ ಇಷ್ಟು ಅಳತಿರಲಿಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹುಲಿಗೇಶ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಪ್ರಚಾರದ ಕೊನೆಯ ದಿನಗಳಲ್ಲಿ ಒಂದು ಚಹಾದ ಅಂಗಡಿಯ ಮುಂದೆ ಬಿಳಿ ಕಾರು ಎದುರಾಯಿತು. ದೊಡ್ಡ ಉಜ್ಜಿನಪ್ಪ ಇಳಿದ. ನಮ್ಮವನು ಬಕೆಟ್ ಕೆಳಗಿಟ್ಟ. ಮುಂದೆ ಹೋಗಿ ಕೈಮುಗಿದು, "ತಪ್ಪಾತ್ರಿ ಸರ್. ತಿಳೀಲಿಲ್ಲ" ಅಂದ. ದೊಡ್ಡವನು ಸುತ್ತಲಿದ್ದವರನ್ನೂ ಬಕೆಟ್ಟನ್ನೂ ನೋಡಿದ. "ನಿನಗ ಈ ಹೆಸರು ಯಾರಿಟ್ರು?" ಎಂದು ಕೇಳಿದ.

"ನಮ್ಮ ಅವ್ವ. ಉಜ್ಜಿನಿ ದೇವರಿಗೆ ಬೇಡಿಕೊಂಡು ಹಡೆದಿದ್ಲಂತ್ರಿ."

"ನಮ್ಮವ್ವನೂ ಅಷ್ಟ" ಅಂದ ದೊಡ್ಡವನು. ಇಬ್ಬರಿಗೂ ಚಹಾ ಹೇಳಿ, ಅವಸರದಲ್ಲಿದ್ದುದರಿಂದ ತನ್ನದನ್ನು ಅರ್ಧಕ್ಕೇ ಬಿಟ್ಟು ಕಾರು ಹತ್ತಿದ. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಆದರೆ ಅವತ್ತು ಮನೆಗೆ ಬಂದ ಉಜ್ಜಿನಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಮತದಾನದ ದಿನ ಊರಿನ ಶಾಲೆಯಲ್ಲೇ ಬೂತು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಓಣಿಯ ಮುದುಕಿ ಉಚ್ಚೆಂಗಮ್ಮ, ಕೋಲೂರಿಕೊಂಡು, ಶಾಯಿ ಹಚ್ಚಿದ ಬೆರಳು ಎತ್ತಿಕೊಂಡೇ ಅವನ ಮನೆಗೆ ಬಂದಳು. ಒಬ್ಬಂಟಿ ಜೀವ. ಅವಳ ಕೊಡವನ್ನು ಅವನೇ ಮನೆಯವರೆಗೆ ಹೊತ್ತು ಕೊಡುತ್ತಿದ್ದ.

"ಬಕೆಟ್ ಒತ್ತಿ ಬಂದೆ ನೋಡಪ್ಪ" ಅಂದಳು.

ಉಜ್ಜಿನಪ್ಪನಿಗೆ ಗಾಬರಿಯಾಯಿತು. "ತಪ್ಪಿ ಒತ್ತಿದ್ಯೇನಬೇ? ಮ್ಯಾಲೆ ಇನ್ನೊಬ್ಬಾತ ಇದ್ದನಲ್ಲ?"

"ಇದ್ದ. ಭಾಳ ಹೊತ್ತು ನೋಡಿದೆ. ಒಳಗಿನ ಹುಡುಗಿ ಜಲ್ದಿ ಒತ್ತಬೇ ಅಂದ್ಲು. ನನ್ನ ಕೊಡ ಹೊರಾವ ಯಾರು ಅಂತ ನನಗ ಗೊತ್ತಿಲ್ಲೇನು?" ಅಂದವಳು, ಅಷ್ಟಕ್ಕೇ ತಾನು ಬಂದ ಕೆಲಸ ಆಯಿತೆಂಬಂತೆ, "ಒಂದೀಟು ಮಜ್ಜಿಗಿ ಇದ್ರ ಕೊಡು ತಾಯಕ್ಕ" ಎಂದು ಹೊಸ್ತಿಲ ಮೇಲೆ ಕುಳಿತಳು. ಉಜ್ಜಿನಪ್ಪ ತಾನೇ ಒಳಗೆ ಹೋಗಿ ಮಜ್ಜಿಗೆಯ ಲೋಟ ತಂದುಕೊಟ್ಟ.

ಎಣಿಕೆ ಬಳ್ಳಾರಿಯಲ್ಲಿ ನಡೆಯಿತು. ದೊಡ್ಡ ಉಜ್ಜಿನಪ್ಪ ನಿರಾಯಾಸವಾಗಿ ಗೆದ್ದ. ಬಕೆಟ್ಟಿಗೆ ಬಿದ್ದ ಮತಗಳು ಅವನ ಗೆಲುವಿನ ಅಂತರದ ಹತ್ತಿರವೂ ಬರಲಿಲ್ಲ. ಟಿವಿಯಲ್ಲಿ ಅದು ಕಂಡ ಕ್ಷಣ ಉಜ್ಜಿನಪ್ಪ ಉಸಿರು ಬಿಟ್ಟ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಕೆಳಗೆಲ್ಲೋ ತನ್ನ ಹೆಸರಿನ ಮುಂದೆಯೂ ಅಂಕಿಯೊಂದು ಬಂತು. ಅದು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಅದರಲ್ಲಿ ತಪ್ಪಿ ಒತ್ತಿದವರು ಎಷ್ಟು, ನೋಡಿ ಒತ್ತಿದವರು ಎಷ್ಟು ಎಂದು ಯಾರೂ ಹೇಳಲಾರರು. ಪೈಪಿನ ಜಾಗ ನೋಡಿಕೊಂಡು ಹೋಗಲು ಎಂಜಿನಿಯರು ಒಮ್ಮೆ ಬಂದು ಹೋದರು. ಪೈಪು ಇನ್ನೂ ಬಂದಿಲ್ಲ.

ಚಳಿ ಬಿದ್ದ ಮೇಲೆ ಒಂದು ಭಾನುವಾರ ಗಂಡ ಹೆಂಡತಿ ಮೊಪೆಡ್‌ನಲ್ಲಿ ಕಂಪ್ಲಿಗೆ ಹೊರಟರು. ತಾಯಕ್ಕನ ತಾಯಿ ಎದ್ದು ಓಡಾಡುವಂತಾಗಿದ್ದಳು. ಹುಲಿಗೇಶನೂ ಬರುತ್ತಾನೆಂದು, ಅಕ್ಕನ ಮುಖ ನೋಡಲು ಅಂಜುತ್ತಿದ್ದಾನೆಂದು ಫೋನು ಬಂದಿತ್ತು. "ಬರಲಿ ಬಿಡು. ತಮ್ಮ ಅಲ್ಲೇನು" ಎಂದಿದ್ದ ಉಜ್ಜಿನಪ್ಪ. ದಾರಿಯಲ್ಲಿ ಹಂಪಿಯ ಕಡೆ ತಿರುಗಿ, ಬಾಳೆಯ ತೋಟದ ಪಕ್ಕ ಕಾಲುವೆಯ ಹತ್ತಿರ ಬುತ್ತಿ ಬಿಚ್ಚಿದರು.

"ಒಂದು ಕೇಳಲಾ?" ಅಂದಳು ತಾಯಕ್ಕ. "ನೀ ಯಾರಿಗೆ ಹಾಕಿದಿ?"

ಅವನು ರೊಟ್ಟಿ ಮುರಿದ. "ಆತಗ" ಅಂದ. "ಮ್ಯಾಲಿನ ಉಜ್ಜಿನಪ್ಪಗ. ನನಗ ನಾನ ಒತ್ತಿಕೊಳ್ಳಾಕ ನಾಚಿಕಿ ಬಂತು."

ತಾಯಕ್ಕ ಕೈಯಲ್ಲಿದ್ದ ತುತ್ತನ್ನು ಬುತ್ತಿಗೇ ಹಾಕಿ ನಗತೊಡಗಿದಳು. ತೋಟದಲ್ಲಿ ಗೊನೆ ಕಡಿಯುತ್ತಿದ್ದವರು ತಿರುಗಿ ನೋಡುವಷ್ಟು ನಕ್ಕಳು. "ಅಯ್ಯೋ ನನ್ನಪ್ಪಾ, ಬಿಸಿಲಾಗ ಸಾಲು ಹಚ್ಚಿ ನಿಂತು ನಾ ನಿನಗ ಹಾಕಿ ಬಂದೀನಿ!"

"ನನಗ ಗೊತ್ತು" ಅಂದ ಉಜ್ಜಿನಪ್ಪ, ಉಪ್ಪಿನಕಾಯಿಯ ಹೋಳನ್ನು ಅವಳ ಕಡೆ ಸರಿಸುತ್ತಾ.